ಪುರವಣಿಯಲ್ಲಿ ಬಂದದ್ದು ನಮ್ಮ ನರಿಯಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಎರಡು ವಾರಗಳ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರಾಚೀನ ಈಜಿಪ್ಟಿನ ದೇವತೆಗಳನ್ನು ಕುರಿತು ಮಕ್ಕಳಿಗಾಗಿ ಒಂದು ಲೇಖನ ಪ್ರಕಟವಾಗಿತ್ತು. ಲೇಖನ ಸೊಗಸಾಗಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ‘ನರಿಮೊಗದ ಅನುಬಿಸ್’ ಎಂಬ ಉಪಶೀರ್ಷಿಕೆಯ ಪಕ್ಕದಲ್ಲಿ, ಮಕ್ಕಳಿಗೆ ಗುರುತು ಸಿಗಲೆಂದು ಅಚ್ಚು ಹಾಕಿದ್ದ ‘ನರಿ’ಯ ಚಿತ್ರ ನರಿಯದಲ್ಲ. ಕಿತ್ತಳೆಗೆಂಪು ಮೈ, ಕಾಲುಚೀಲ ತೊಟ್ಟಂತೆ ಕಪ್ಪಾದ ಕಾಲು, ದಟ್ಟವಾದ ಉದ್ದ ಬಾಲದ ತುದಿಯಲ್ಲಿ ಸುಣ್ಣದ ನೀರಿಗೆ ಅದ್ದಿ ತೆಗೆದಂಥ ಬಿಳುಪು. ಇವು ಯೂರೋಪಿನ ರೆಡ್ ಫಾಕ್ಸ್‌ನ ಲಕ್ಷಣಗಳು. ಆ ಪ್ರಾಣಿಯ ಬಳಗ ನಮ್ಮ ದೇಶದಲ್ಲಿ ಹಿಮಾಲಯದ ಕಡೆ, ವಾಯವ್ಯದ ಒಣ ಸೀಮೆಗಳಲ್ಲಿ ಇದೆ. ಕರ್ನಾಟಕದ ಯಾವ ಹೊಲದಲ್ಲೂ ಇಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದದ ಪತ್ರವೇ ಎಂದು ನೀವು ಕೇಳಬಹುದು. ನಾನು ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ಆರು ಅಡಿ ಅಗಲದ ಗೋಡೆಯ ಮೇಲೆ. ನರಿ ಮತ್ತು ದ್ರಾಕ್ಷಿಯ ಕಥೆಯನ್ನು ಶಾಲೆಯ ಪಡಸಾಲೆಯಲ್ಲಿ ಬರೆಯುವಾಗ, ಯಾವುದೋ ವಿದೇಶಿ ಕಥೆಪುಸ್ತಕವನ್ನು ಮುಂದಿಟ್ಟುಕೊಂಡು ಬಾಲದ ತುದಿಗೆ ಬಿಳಿ ಬಳಿದೆ. ಹಿಂದಿನ ಬೆಂಚಿನ ಕುರುಬರ ಹುಡುಗನೊಬ್ಬ, ‘ಸಾರ್, ನಮ್ಮ ಹೊಲದ ನರಿಗೆ ಬಾಲದ ತುದಿ ಕಪ್ಪಗಿರ್ತದೆ’ ಎಂದ. ‘ಸುಮ್ಮನೆ ಕೂತ್ಕೊಳೋ’ ಎಂದು ಗದರಿದೆ. ಹುಡುಗ ಹೇಳಿದ್ದೇ ಸರಿಯಾಗಿತ್ತು.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಇಂಗ್ಲಿಷಿನವರು ಜಾಕಲ್ ಎಂದೂ ಫಾಕ್ಸ್ ಎಂದೂ ಬೇರೆ ಬೇರೆಯಾಗಿ ಕರೆಯುವ ಎರಡು ಪ್ರಾಣಿಗಳನ್ನು ನಾವು ‘ನರಿ’ ಎಂಬ ಒಂದೇ ಮಾತಿನಲ್ಲಿ ಸುತ್ತಿಬಿಡುತ್ತೇವೆ. ಗುಳ್ಳೆನರಿ, ಕೆಂಪುನರಿ ಎಂಬ ಹೆಸರುಗಳು ಇದ್ದರೂ ಒಂದೂರಿನ ಹೆಸರು ಪಕ್ಕದೂರಿನಲ್ಲಿ ಇನ್ನೊಂದಕ್ಕೆ ಸಲ್ಲುವುದುಂಟು. ಎಂಟರಿಂದ ಹನ್ನೊಂದು ಕಿಲೋ ತೂಗುವ, ರಾತ್ರಿ ಗುಂಪಾಗಿ ಊಳಿಡುವ ದೊಡ್ಡ ನರಿಯೇ ಜಾಕಲ್. ಬಯಲು ಸೀಮೆಯ ಇನ್ನೊಂದು ನರಿ ಬೆಕ್ಕಿಗಿಂತ ತುಸು ದೊಡ್ಡದು, ತೆಳ್ಳನೆಯ ಕಾಲಿನದು. ಎರಡಕ್ಕೂ ಬಾಲದ ತುದಿ ಕಪ್ಪು. ಅನುಬಿಸ್‌ನ ಮಾತು ಬಂದಾಗ ಲೇಖಕರ ಮನಸ್ಸಿನಲ್ಲಿದ್ದದ್ದು ಊಳಿಡುವ ಆ ದೊಡ್ಡ ನರಿ. ಜಾಕಲ್ ಎಂಬ ಪದವಾದರೂ ಎಲ್ಲಿಂದ ಹೋದದ್ದು? ನಮ್ಮ ಸಂಸ್ಕೃತದ ‘ಶೃಗಾಲ’ವು ಪಾರಸಿಯಲ್ಲಿ ‘ಶಗಾಲ್’ ಆಗಿ, ಅಲ್ಲಿಂದ ಯೂರೋಪಿನ ಭಾಷೆಗಳಿಗೆ ದಾಟಿತು.

ಇನ್ನು ಈಜಿಪ್ಟಿನವರ ಹೆಣ ಕಾಯುವ ದೇವರಾದ ಅನುಬಿಸ್. 1922ರ ನವೆಂಬರಿನಲ್ಲಿ ಪುರಾತತ್ವಜ್ಞ ಹೊವರ್ಡ್ ಕಾರ್ಟರ್ ಅಲ್ಲಿನ ರಾಜರ ಕಣಿವೆಯಲ್ಲಿ ದೊರೆ ಟೂಟಾಂಖಾಮನ್‌ನ ಗೋರಿಯನ್ನು ಪತ್ತೆ ಹಚ್ಚಿದಾಗ, ಒಳಗಿನ ಖಜಾನೆ ಕೋಣೆಯ ಬಾಗಿಲಲ್ಲಿ ಕಾವಲು ಕೂತಿದ್ದದ್ದು ಈತನೇ. ಹೊರುವ ಗಳಗಳನ್ನು ಜೋಡಿಸಿದ, ಚಿನ್ನದ ತಗಡು ಹೊದಿಸಿದ ಪೆಟ್ಟಿಗೆ. ಅದರ ಮೇಲೆ ಮುಂಗಾಲು ಚಾಚಿ, ಕಿವಿ ನಿಮಿರಿಸಿ ಮಲಗಿದ ಕರಿಯ ಪ್ರಾಣಿ. ಕಿವಿಯೊಳಗೆ ಚಿನ್ನ, ಉಗುರುಗಳಿಗೆ ಬೆಳ್ಳಿ, ಮೈಗೆ ನಾರುಬಟ್ಟೆಯ ಹೊದಿಕೆ. ಚಿತ್ರದ ಮೇಷ್ಟರಾದ ನನ್ನ ಕಣ್ಣು ಪ್ರತಿ ಸಲವೂ ಹೋಗಿ ನಿಲ್ಲುವುದು ಮಾತ್ರ ಇನ್ನೊಂದು ವಸ್ತುವಿನ ಮೇಲೆ: ಆ ಎರಡು ಮುಂಗಾಲುಗಳ ನಡುವೆ, ರಾಜಕುಮಾರಿ ಮೆರಿತಾತೆನ್‌ಳ ಹೆಸರು ಕೊರೆದ, ಬಣ್ಣದ ಗುಳಿಗಳಿರುವ ದಂತದ ಹಲಗೆಯೊಂದನ್ನು ಇಟ್ಟಿದ್ದರು. ಸಾವಿನ ಕಾವಲುಗಾರನ ಮಡಿಲಲ್ಲಿ ಬಣ್ಣದ ಹಲಗೆಯನ್ನು ಏಕಿಟ್ಟರೋ ತಿಳಿಯದು. ನನಗಂತೂ ಅದನ್ನು ನೋಡಿದರೆ ಸಂತೋಷವಾಗುತ್ತದೆ.

ಮರಳುನಾಡಿನಲ್ಲಿ ಆಳವಿಲ್ಲದ ಗುಂಡಿಗಳಲ್ಲಿ ಹೂಳುತ್ತಿದ್ದ ಕಾಲದಲ್ಲಿ ಹೆಣಗಳನ್ನು ಕೆದಕಲು ಬರುತ್ತಿದ್ದ ಪ್ರಾಣಿಯನ್ನೇ ಹೆಣ ಕಾಯುವ ದೇವರನ್ನಾಗಿ ಮಾಡಿಕೊಂಡಿರಬೇಕು ಎಂಬುದು ಬಹಳ ವಿದ್ವಾಂಸರ ಊಹೆ. ಮೈಬಣ್ಣವನ್ನು ಕಪ್ಪಾಗಿಸಿದ್ದು ಪ್ರಾಣಿಯನ್ನು ನೋಡಿಯಲ್ಲ; ಅಲ್ಲಿನ ಪ್ರಾಣಿ ಮರಳಿನ ಬಣ್ಣದ್ದು. ಹೆಣಕ್ಕೆ ಬಳಿಯುವ ರಾಳದ ಕಪ್ಪು, ನೈಲ್ ನದಿ ಹೊತ್ತು ತರುವ ಎರೆಮಣ್ಣಿನ ಕಪ್ಪು ಅವರಿಗೆ ಮರುಹುಟ್ಟಿನ ಬಣ್ಣವಾಗಿತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಮೂರು ಸಾವಿರ ವರ್ಷಗಳಿಗೂ ಹಳೆಯದಾದ ಅನಿ ಎಂಬ ಲಿಪಿಕಾರನ ಪಪೈರಸ್ (ಜೊಂಡಿನ ಕಾಗದ) ಸುರುಳಿಯಲ್ಲಿ ಅನುಬಿಸ್ ಮಂಡಿಯೂರಿ ತಕ್ಕಡಿಯ ತೂಗುಗುಂಡನ್ನು ಸರಿಪಡಿಸುತ್ತಿದ್ದಾನೆ. ಒಂದು ತಟ್ಟೆಯಲ್ಲಿ ಸತ್ತವನ ಹೃದಯ, ಇನ್ನೊಂದರಲ್ಲಿ ಸತ್ಯದೇವತೆಯ ಗರಿ. ಮೋಸಕ್ಕೆ ಮತ್ತೊಂದು ಹೆಸರೆಂಬಂತೆ ನಾವು ‘ನರಿಬುದ್ಧಿ’ ಎನ್ನುತ್ತೇವೆ. ಅವರು ಅದೇ ಮುಖದವನ ಕೈಗೆ ತಕ್ಕಡಿ ಕೊಟ್ಟರು.

ಇದರಲ್ಲೊಂದು ತಮಾಷೆಯೂ ಇದೆ. ಆಫ್ರಿಕಾದ ‘ಜಾಕಲ್’ ಮತ್ತು ನಮ್ಮ ಜಾಕಲ್ ಒಂದೇ ಎಂದು ಬಹುಕಾಲ ನಂಬಲಾಗಿತ್ತು. 2015ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಇವೆರಡೂ ಹತ್ತು ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕವಲೊಡೆದವು, ಆಫ್ರಿಕಾದ್ದು ತೋಳಕ್ಕೆ ಹೆಚ್ಚು ಹತ್ತಿರದ್ದು ಎಂದು ತೋರಿಸಿತು. ಈಗ ಅದನ್ನು ಆಫ್ರಿಕಾದ ಹೊನ್ನಿನ ತೋಳ ಎಂದೇ ಪ್ರತ್ಯೇಕವಾಗಿ ಎಣಿಸುತ್ತಾರೆ. ಅನುಬಿಸ್‌ನ ಜೊತೆಗಾರನಂತಿರುವ ವೆಪ್ವಾವೆತ್ ಎಂಬ ದೇವರ ಊರನ್ನು ಗ್ರೀಕರು ಲೈಕೊಪೊಲಿಸ್, ಅಂದರೆ ತೋಳನೂರು, ಎಂದು ಕರೆದಿದ್ದರು. ಅಂದಮೇಲೆ ‘ನರಿಮೊಗ’ ಎಂಬ ಉಪಶೀರ್ಷಿಕೆಯೂ ಸ್ವಲ್ಪ ಸಡಿಲವೇ. ಆದರೆ ಅದು ಲೋಕವೆಲ್ಲ ಮಾಡಿಕೊಂಡು ಬಂದ ಸಡಿಲು. ಅದಕ್ಕಾಗಿ ನಿಮ್ಮನ್ನು ದೂರುವುದಿಲ್ಲ.

ಮಕ್ಕಳಿಗೆ ನರಿಯ ಪುರಾಣ ಹೇಳಬೇಕಾದರೆ ನೈಲ್ ನದಿಯವರೆಗೆ ಹೋಗಲೇಬೇಕೆಂದಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಹದ್ದು ಮತ್ತು ನರಿಯ ಸಂವಾದವೊಂದಿದೆ. ಬಾಲಕನೊಬ್ಬನ ಹೆಣವನ್ನು ಸ್ಮಶಾನಕ್ಕೆ ತಂದ ಬಂಧುಗಳು ಅಳುತ್ತ ನಿಂತಿದ್ದಾರೆ. ಹಗಲಿನಲ್ಲಿ ಮಾತ್ರ ಉಣ್ಣಬಲ್ಲ ರಣಹದ್ದು, ‘ಹೋದವರು ಬರುವುದಿಲ್ಲ, ಕತ್ತಲಾಗುವ ಮುಂಚೆ ಮನೆಗೆ ಹೋಗಿ’ ಎಂದು ವೈರಾಗ್ಯ ಬೋಧಿಸುತ್ತದೆ. ಕತ್ತಲಾದ ಮೇಲೆ ತನ್ನ ಸರದಿ ಎಂದು ಬಲ್ಲ ನರಿ, ‘ಇಷ್ಟು ಬೇಗ ಮಮತೆ ಬತ್ತಿತೇ, ಸೂರ್ಯ ಮುಳುಗುವವರೆಗಾದರೂ ಕಾಯಿರಿ, ಮಗು ಎದ್ದರೂ ಎದ್ದೀತು’ ಎನ್ನುತ್ತದೆ. ಬಂಧುಗಳು ಹೋಗುತ್ತಾರೆ, ತಿರುಗಿ ಬರುತ್ತಾರೆ, ಮತ್ತೆ ಹೊರಡುತ್ತಾರೆ. ಎರಡರ ಮಾತಿನಲ್ಲೂ ಸತ್ಯವಿದೆ, ಎರಡರ ಹೊಟ್ಟೆಯಲ್ಲೂ ಹಸಿವಿದೆ. ಕೊನೆಗೆ ಶಂಕರ ಪ್ರತ್ಯಕ್ಷನಾಗಿ ಮಗುವಿಗೆ ಪ್ರಾಣ ಕೊಡುತ್ತಾನೆ. ಅಷ್ಟಕ್ಕೇ ನಿಲ್ಲದೆ ಹದ್ದು ಮತ್ತು ನರಿಯ ಹಸಿವನ್ನೂ ನೀಗಿಸುತ್ತಾನೆ. ಕವಿ ಆ ಎರಡನ್ನೂ ಕಪಟಿಗಳೆಂದು ಓಡಿಸಿಬಿಡಲಿಲ್ಲ. ಈ ಕಥೆಯ ಹದ್ದು ನಮ್ಮ ಬಯಲುಗಳಿಂದ ಹೆಚ್ಚುಕಡಿಮೆ ಮರೆಯಾಗಿ ಹೋಗಿದೆ. ದನಗಳಿಗೆ ಕೊಡುತ್ತಿದ್ದ, ಸತ್ತ ದನವನ್ನು ತಿಂದ ಹದ್ದಿಗೆ ವಿಷವಾಗುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯನ್ನು 2006ರಲ್ಲಿ ನಿಷೇಧಿಸುವ ಹೊತ್ತಿಗೆ ಬಹುಪಾಲು ರಣಹದ್ದುಗಳು ಸತ್ತಿದ್ದವು. ವಾದಿಸಲು ಈಗ ನರಿಯೊಂದೇ ಉಳಿದಿದೆ.

ಕನ್ನಡದಲ್ಲಂತೂ ನರಿ ಗದ್ಯದ ಹೊಸ್ತಿಲಲ್ಲೇ ಇದೆ. ವಡ್ಡಾರಾಧನೆಯ ಮೊದಲ ಕಥೆಯ ಸುಕುಮಾರಸ್ವಾಮಿ, ನೆಲದ ಮೇಲೆ ನಡೆದರೆ ಅಂಗಾಲು ಒಡೆದು ನೆತ್ತರು ಸುರಿಯುವಷ್ಟು ಸುಖದಲ್ಲಿ ಬೆಳೆದವನು. ಅವನು ತಪಸ್ಸಿಗೆ ನಿಂತಾಗ, ದಾರಿಯ ಆ ನೆತ್ತರನ್ನು ನೆಕ್ಕುತ್ತ ಬಂದ ಹೆಣ್ಣುನರಿ ತನ್ನ ಮರಿಗಳೊಡನೆ ಅವನನ್ನು ಕಾಲಿನಿಂದ ತಿನ್ನತೊಡಗುತ್ತದೆ. ಹಿಂದಿನ ಜನ್ಮದಲ್ಲಿ ಅವನು ಒದ್ದ ಅತ್ತಿಗೆಯೇ ಆ ನರಿ. ಚಾಳುಕ್ಯ ಜಯಸಿಂಹನ ಆಸ್ಥಾನದ ದುರ್ಗಸಿಂಹ 1031ರ ಸುಮಾರಿಗೆ ಬರೆದ ಪಂಚತಂತ್ರದಲ್ಲಿ ಕರಟಕ, ದಮನಕ ಎಂಬ ನರಿಗಳು ಮಂತ್ರಿಗಳಾಗಿ ಬರುತ್ತವೆ. ಅವೇ ಅರಬ್ಬಿಯಲ್ಲಿ ಕಲೀಲ ಮತ್ತು ದಿಮ್ನ ಆಗಿ ಪಶ್ಚಿಮ ಏಷ್ಯಾದ ಚಿತ್ರಿತ ಹಸ್ತಪ್ರತಿಗಳ ತುಂಬ ಓಡಾಡಿದವು. ಶಿಲ್ಪದಲ್ಲಿ ಚಾಮುಂಡೆಯ ಕಾಲಬುಡದ ಹೆಣವನ್ನು ಕಚ್ಚುತ್ತಿರುವ ಪ್ರಾಣಿಯನ್ನು ನಾಯಿಯೆಂದು ತಿಳಿಯುವವರಿದ್ದಾರೆ, ಅದು ನರಿ. ಸಂಸ್ಕೃತದಲ್ಲಿ ‘ಶಿವಾ’ ಎಂದರೆ ಮಂಗಳೆಯೂ ಹೌದು, ಹೆಣ್ಣುನರಿಯೂ ಹೌದು. ನಮ್ಮ ಹಳ್ಳಿಗಳಲ್ಲೂ ಒಳ್ಳೆಯದಾದರೆ ‘ಎದ್ದು ನರಿ ಮುಖ ನೋಡಿದ್ದೆಯಾ’ ಎಂದು ಕೇಳುತ್ತಾರೆ. ಬಿಸಿಲು ಮಳೆ ಕೂಡಿ ಬಂದರೆ ಕಾಗೆಗೂ ನರಿಗೂ ಮದುವೆ ಮಾಡಿಸುತ್ತಾರೆ.

ಆ ಮುಖವನ್ನು ನಾನು ಸರಿಯಾಗಿ ನೋಡಿದ್ದು ನಿವೃತ್ತನಾದ ಮೇಲೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿಗೆ ಹೋಗುವ ದಾರಿಯಲ್ಲಿ, ಕಿತ್ತು ಗುಡ್ಡೆ ಹಾಕಿದ್ದ ಕಡಲೆಕಾಯಿ ಹೊಲದ ಬದುವಿನಲ್ಲಿ, ಬೆಳಗಿನ ಮಂಜಿನಲ್ಲಿ ಗಂಡು ಹೆಣ್ಣು ಎರಡಿದ್ದವು. ಒಂದು ನೆಲದತ್ತ ತಲೆ ಓರೆ ಮಾಡಿ ನಿಂತಿತ್ತು. ಬಳ್ಳಿಯ ಗುಡ್ಡೆಯೊಳಗೆ ಇಲಿ ಅಲುಗಾಡಿರಬೇಕು. ಇದ್ದಕ್ಕಿದ್ದಂತೆ ನಾಲ್ಕೂ ಕಾಲುಗಳನ್ನು ಕೂಡಿಸಿ ಮೇಲಕ್ಕೆ ನೆಗೆದು, ಮುಂಗಾಲು ಮುಂದಾಗಿ ನೆಟ್ಟಗೆ ಕೆಳಗಿಳಿಯಿತು. ಬೆನ್ನು ರಾಗಿಹಿಟ್ಟಿನ ಮೇಲೆ ಬೂದಿ ಉದುರಿಸಿದಂಥ ಬಣ್ಣ, ಕಿವಿಯ ಹಿಂಭಾಗ ಇಟ್ಟಿಗೆ ಪುಡಿಯಂಥದ್ದು. ಬಾಲ ಹಿಂಗಾಲಿನ ಕೀಲಿಗಿಂತ ಕೆಳಗಿಳಿಯದು, ತುದಿ ಕಪ್ಪು. ಇಲಿ ಬಾಯಲ್ಲಿರುವಾಗಲೇ ನನ್ನನ್ನು ಕಂಡು, ಓಡದೆ, ಒಂದು ಗಳಿಗೆ ಹಾಗೆಯೇ ನೋಡಿತು. ನನ್ನ ಹತ್ತಿರ ಪೆನ್ಸಿಲ್ ಇತ್ತು, ಕಾಗದವಿರಲಿಲ್ಲ; ಬಸ್ಸಿನ ಚೀಟಿಯ ಹಿಂದೆ ಕಿವಿಗಳನ್ನಷ್ಟೇ ಗೀಚಿಕೊಂಡೆ.

ನರಿಯ ಜೋಡಿ ವರ್ಷಗಟ್ಟಲೆ ಒಟ್ಟಿಗೆ ಬಾಳುತ್ತದೆ. ಕಳೆದ ವರ್ಷದ ಮರಿಗಳು ಕೆಲವೊಮ್ಮೆ ಮನೆ ಬಿಡದೆ ಈ ವರ್ಷದ ತಮ್ಮತಂಗಿಯರಿಗೆ ಆಹಾರ ತಂದುಕೊಡುತ್ತವೆ. ಕುರಿಮರಿ, ಕೋಳಿ ಹೊತ್ತೊಯ್ಯುವುದು ಸುಳ್ಳಲ್ಲ, ಕಬ್ಬು, ಜೋಳದ ತೆನೆ ಹಾಳು ಮಾಡುವುದೂ ಉಂಟು. ಆದರೆ ಹೊಟ್ಟೆ ತುಂಬಿಸುವುದು ಬಹುಮಟ್ಟಿಗೆ ಇಲಿ, ಹೆಗ್ಗಣ, ಏಡಿ, ಹುಳು, ಎಲಚಿ, ನೇರಳೆ ಮತ್ತು ನಾವು ಬಿಸಾಡಿದ್ದು. ವಯನಾಡಿನಲ್ಲಿ ನರಿಗಳು ಹಣ್ಣಾದ ಕಾಫಿ ತಿನ್ನುವುದನ್ನು, ಅವುಗಳ ಹಿಕ್ಕೆಯಲ್ಲಿ ಬೀಜಗಳು ಅರಗದೆ ಉಳಿಯುವುದನ್ನು 19ನೆಯ ಶತಮಾನದ ಪ್ರಾಣಿಶಾಸ್ತ್ರಜ್ಞ ಜೆರ್ಡನ್ ದಾಖಲಿಸಿದ್ದಾನೆ. ಪುನುಗುಬೆಕ್ಕಿನ ಕಾಫಿಗೆ ಸಾವಿರಾರು ರೂಪಾಯಿ ಕೊಡುವವರು ಇದನ್ನು ಓದಿಲ್ಲವೆಂದು ತೋರುತ್ತದೆ.

ಇಂಥ ಪ್ರಾಣಿಗೆ ಈಗ ನೆಲೆ ಕಿರಿದಾಗುತ್ತಿದೆ. ಗೋಮಾಳ, ಕಾವಲು, ಕುರುಚಲು ಬಯಲುಗಳನ್ನು ದಾಖಲೆಗಳಲ್ಲಿ ‘ಬಂಜರು’ ಎಂದು ಬರೆದುಬಿಟ್ಟರೆ ಅಲ್ಲಿ ಬಿಲ ತೋಡಿಕೊಂಡವರ ಲೆಕ್ಕ ಯಾರಿಗೂ ಬೇಡ. ಬೀದಿನಾಯಿಗಳಿಂದ ಹುಚ್ಚು, ಡಿಸ್ಟೆಂಪರ್ ರೋಗಗಳು ಅಂಟುತ್ತವೆ. ಹೆದ್ದಾರಿಯಲ್ಲಿ ರಾತ್ರಿ ಲಾರಿಗೆ ಸಿಕ್ಕಿ ಸಾಯುತ್ತವೆ. ಇದೆಲ್ಲದರ ಮೇಲೆ ‘ನರಿಕೊಂಬು’ ಇಟ್ಟುಕೊಂಡರೆ ಅದೃಷ್ಟ ಎಂಬ ಮೂಢನಂಬಿಕೆಯ ವ್ಯಾಪಾರ. ಇಲ್ಲದ ಕೊಂಬಿಗಾಗಿ ಇರುವ ಪ್ರಾಣಿಯನ್ನು ಕೊಲ್ಲುವುದು ಎಂಥ ಜಾಣತನವೋ! 2022ರ ತಿದ್ದುಪಡಿಯ ನಂತರ ನರಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಕ್ಕೆಂದು ಒಂದು ಧಾಮವಾಗಿದೆ. ನರಿ ಅಲ್ಲಿಯೂ ಬಾಡಿಗೆದಾರನೇ.

ತಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ನರಿಯ ಸುದ್ದಿಗೆ ನಮ್ಮ ನರಿಯದೇ ಚಿತ್ರ ಹಾಕಿರಿ. ಬಯಲುಸೀಮೆಯ ಛಾಯಾಗ್ರಾಹಕರ ಬಳಿ ಬೇಕಾದಷ್ಟು ಸಿಗುತ್ತವೆ. ‘ನರಿ ದಾಳಿ’ ಎಂದು ತಲೆಬರಹ ಕೊಡುವಾಗ ಕಚ್ಚಿದ ಪ್ರಾಣಿಗೆ ಹುಚ್ಚು ಹಿಡಿದಿತ್ತೇ ಎಂಬುದನ್ನು ಪಶುವೈದ್ಯರಿಂದ ಕೇಳಿ ಬರೆಯಿರಿ. ನಾಯಿ, ತೋಳ, ನರಿ ಇವುಗಳಲ್ಲಿ ಸತ್ತದ್ದು ಯಾವುದೆಂದು ತಿಳಿಯದಿದ್ದರೆ ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಗೆ ಒಂದು ಫೋನ್ ಮಾಡಿದರೆ ಸಾಕು.

ನನ್ನ ಗೋಡೆಯ ಚಿತ್ರವನ್ನು ತಿದ್ದಲು ಆ ಶಾಲೆಯವರು ಒಪ್ಪಿದ್ದಾರೆ. ಮೈಗೆ ಬೂದಿಬಣ್ಣ ಬರಬೇಕು, ಬಾಲವನ್ನು ಗಿಡ್ಡ ಮಾಡಬೇಕು. ದ್ರಾಕ್ಷಿಯನ್ನು ಮುಟ್ಟಬೇಕಿಲ್ಲ, ನಮ್ಮ ನರಿಯೂ ದ್ರಾಕ್ಷಿ ತಿನ್ನುತ್ತದೆ. ಅಂದು ನಾನು ಗದರಿದ ಹುಡುಗ ಈಗ ಅದೇ ಊರಿನಲ್ಲಿ ಕುರಿ ಸಾಕಿಕೊಂಡಿದ್ದಾನೆ. ಈ ವರ್ಷ ಎರಡು ಮರಿಗಳನ್ನು ನರಿ ಒಯ್ದಿತೆಂದು ನನ್ನ ಮುಂದೆ ಬೈದುಕೊಂಡ. ಆದರೂ ಬಾಲದ ತುದಿಗೆ ಕಪ್ಪು ಹಚ್ಚುವ ದಿನ ಏಣಿ ಹಿಡಿಯಲು ತಾನೇ ಬರುವುದಾಗಿ ಹೇಳಿದ್ದಾನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕ,
ತುಮಕೂರು ಜಿಲ್ಲೆ