ಹತ್ತು ಮಿಲಿವ್ಯಾಟಿನ ಪೆಟ್ಟಿಗೆ, ಅದಕ್ಕೊಂದು ಬ್ಯಾಟರಿ: ಕಾಸರಗೋಡು ಜಿಲ್ಲಾಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರೇ,

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ತಾವೇ ಆಗಿರುವುದರಿಂದ, ವಿಪತ್ತಿನ ವೇಳೆ ಹವ್ಯಾಸಿ ರೇಡಿಯೊ ಸಂಪರ್ಕದ ಕುರಿತ ಈ ಪತ್ರ ತಮಗೆ.

ಎಣ್ಮಕಜೆ, ಬೆಳ್ಳೂರು, ದೇಲಂಪಾಡಿಯಂಥ ಗುಡ್ಡಗಾಡು ಪಂಚಾಯತುಗಳಲ್ಲಿ ಒಂದು ಕಣಿವೆಯ ರೇಡಿಯೊ ಹ್ಯಾಂಡ್‌ಸೆಟ್ ಪಕ್ಕದ ಕಣಿವೆಗೆ ಕೇಳಿಸದು. ಅದು ಬಳಸುವ ಯುಎಚ್‌ಎಫ್ (ಬಹಳ ಹೆಚ್ಚಿನ ಆವರ್ತನದ) ಅಲೆಗೆ ಗುಡ್ಡ ಅಡ್ಡ ಬರುತ್ತದೆ. ಪೊಸಡಿಗುಂಪೆಯಂಥ ಎತ್ತರದ ಗುಡ್ಡದಲ್ಲಿ ರಿಪೀಟರ್ (ಬಂದ ಮಾತನ್ನು ಹಿಡಿದು ಮತ್ತೆ ಬಿತ್ತರಿಸುವ ಯಂತ್ರ) ಇಡುವುದೇ ಇದಕ್ಕೆ ಸರಿಯಾದ ಪರಿಹಾರ. ಅದಾಗುವವರೆಗೆ ಪ್ರತಿ ಪಂಚಾಯತು ಕಚೇರಿಯಲ್ಲೂ ಒಂದು ಡಿಎಂಆರ್ ಹಾಟ್‌ಸ್ಪಾಟ್, ಅಂದರೆ ಡಿಜಿಟಲ್ ಹ್ಯಾಂಡ್‌ಸೆಟ್ಟಿನ ಮಾತನ್ನು ಇಂಟರ್ನೆಟ್ಟಿಗೆ ದಾಟಿಸುವ ಪುಟ್ಟ ಪೆಟ್ಟಿಗೆ, ಇಡಲು ಅನುಮತಿ ಕೊಡಿ.

ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಕಂಪ್ಯೂಟರ್, ಅದರ ಮೇಲೊಂದು ಎಂಎಂಡಿವಿಎಂ ರೇಡಿಯೊ ಬೋರ್ಡ್, ಬೆರಳುದ್ದದ ಆಂಟೆನಾ, ಎಸ್‌ಡಿ ಕಾರ್ಡಿನಲ್ಲಿ ಇದನ್ನೆಲ್ಲ ನಡೆಸುವ ಪೈ-ಸ್ಟಾರ್ ತಂತ್ರಾಂಶ. ಇಷ್ಟೇ ಸಾಮಾನು. ಹೊರಬರುವ ಶಕ್ತಿ ಸುಮಾರು 10 ಮಿಲಿವ್ಯಾಟ್, ಅಂದರೆ 5 ವ್ಯಾಟಿನ ಹ್ಯಾಂಡ್‌ಸೆಟ್ಟಿನ ಐನೂರರಲ್ಲಿ ಒಂದು ಪಾಲು. ಕಚೇರಿಯ ಅಂಗಳಕ್ಕೆ ಅದು ಸಾಕು. ಗುಡ್ಡ ದಾಟಿಸುವ ಕೆಲಸ ಇಂಟರ್ನೆಟ್ಟಿನದು.

ಕೆಡುವುದೂ ಅಲ್ಲೇ. ಹಾಟ್‌ಸ್ಪಾಟ್ ಎಳೆಯುವುದು 2 ವ್ಯಾಟಿನಷ್ಟು ಮಾತ್ರ. ಅದರ ಪಕ್ಕದ ಫೈಬರ್ ಪೆಟ್ಟಿಗೆ ಮತ್ತು ರೌಟರ್ 8 ವ್ಯಾಟಿನವರೆಗೆ ತಿನ್ನುತ್ತವೆ. ಕರೆಂಟು ಹೋದ ಕ್ಷಣವೇ ರೌಟರ್ ಸತ್ತರೆ ಹಾಟ್‌ಸ್ಪಾಟ್ ಬದುಕಿದ್ದೂ ಉಪಯೋಗವಿಲ್ಲ. ಯುಪಿಎಸ್‌ಗಳಲ್ಲಿರುವ 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧದಷ್ಟೇ ಬಳಸಿದರೆ ಇವೆಲ್ಲ ನಡೆಯುವುದು ಸುಮಾರು ನಾಲ್ಕು ಗಂಟೆ ಮಾತ್ರ. ಒಂದು ಹಗಲು, ಒಂದು ರಾತ್ರಿ ಬೇಕಿದ್ದರೆ 50 ಆಂಪಿಯರ್-ಅವರ್ ಬೇಕು. ಬೋರ್ಡಿಗೆ ದುಡ್ಡು ನಾವು ಹಾಕುತ್ತೇವೆ. ಬ್ಯಾಟರಿ ಮತ್ತು ಇಂಟರ್ನೆಟ್ ಲೈನು ತಮ್ಮ ಕಡೆಯಿಂದ ಬರಲಿ.

ಹೊಂದಿಸುವಾಗ ತಪ್ಪುವುದು ಹೆಚ್ಚಾಗಿ ಎರಡು ಕಡೆ. ಅಗ್ಗದ ಬೋರ್ಡಿನಲ್ಲಿ ಆವರ್ತನವನ್ನು ನಿಗದಿಮಾಡುವ ಆಸಿಲೇಟರ್ ಕೆಲವು ನೂರು ಹರ್ಟ್ಸ್ ಆಚೀಚೆ ಇರುತ್ತದೆ. ಆಗ ಮಾತು ತುಂಡುತುಂಡಾಗಿ ಕೇಳುತ್ತದೆ. ಪೈ-ಸ್ಟಾರ್‌ನಲ್ಲಿ ಈ ವ್ಯತ್ಯಾಸ ಸರಿದೂಗಿಸುವ ಆಫ್‌ಸೆಟ್ಟನ್ನು 50 ಹರ್ಟ್ಸ್‌ನಂತೆ ಬದಲಿಸುತ್ತ ಬಿಇಆರ್ (ತಪ್ಪಾಗಿ ಬಂದ ಬಿಟ್‌ಗಳ ಪ್ರಮಾಣ) 1 ಶೇಕಡಕ್ಕಿಂತ ಕೆಳಗೆ ತರಬೇಕು. ಇನ್ನೊಂದು, ಆವರ್ತನ: ನಮ್ಮ 434–438 ಮೆಗಾಹರ್ಟ್ಸ್‌ನಲ್ಲಿ 435ರಿಂದ ಮೇಲಿನದು ಉಪಗ್ರಹಗಳ ಜಾಗ, ಅಲ್ಲಿ ಕೂರಬಾರದು. ಹ್ಯಾಂಡ್‌ಸೆಟ್ಟನ್ನು ಕಡಿಮೆ ಶಕ್ತಿಗಿಟ್ಟು ಎರಡು ಮೂರು ಮೀಟರ್ ದೂರ ನಿಂತು ಮಾತಾಡಬೇಕು. ಹತ್ತಿರದಿಂದ 5 ವ್ಯಾಟ್ ಬಿಟ್ಟರೆ ಹಾಟ್‌ಸ್ಪಾಟಿನ ಕಿವಿ ಮುಚ್ಚುತ್ತದೆ. ಮಾತಾಡಲು ಪಿಟಿಟಿ ಗುಂಡಿ ಒತ್ತುವವರು ಹವ್ಯಾಸಿ ರೇಡಿಯೊ ಪರವಾನಗಿದಾರರೇ ಆಗಿರಬೇಕು, ಕಚೇರಿಯ ಸಿಬ್ಬಂದಿಯಲ್ಲ.

ಮರ ಬಿದ್ದು ಫೈಬರೇ ತುಂಡಾದರೆ ಈ ಪೆಟ್ಟಿಗೆಯಿಂದ ಏನೂ ಆಗದು. ಅದಕ್ಕೇ ಪ್ರತಿ ಕಚೇರಿಯ ಹಿಂದೆ ಎರಡು ಅಡಿಕೆ ಮರಗಳ ನಡುವೆ ಐದಾರು ಮೀಟರ್ ಎತ್ತರದಲ್ಲಿ 20 ಮೀಟರ್ ಉದ್ದದ ತಂತಿಯ ಆಂಟೆನಾ ಕಟ್ಟಲು ಜಾಗವನ್ನೂ ಕೇಳುತ್ತಿದ್ದೇವೆ. ಹಗಲಲ್ಲಿ 7 ಮೆಗಾಹರ್ಟ್ಸ್‌ನ ಅಲೆ ಈ ತಗ್ಗಿನ ತಂತಿಯಿಂದ ನೇರ ಮೇಲಕ್ಕೆ ಹೋಗಿ, ಆಕಾಶದ ಅಯಾನುಗೋಳದಿಂದ ಮರಳಿ ಪಕ್ಕದ ಕಣಿವೆಗೆ ಇಳಿಯುತ್ತದೆ; ಇದಕ್ಕೆ ಇಂಟರ್ನೆಟ್ ಬೇಡ.

ಮೇ ತಿಂಗಳ ಕೊನೆಯೊಳಗೆ ಒಂದು ದಿನ ಗೊತ್ತುಮಾಡಿ, ಒಂದು ಪಂಚಾಯತಿನಲ್ಲಿ ಮೇನ್ ಸ್ವಿಚ್ ಆರಿಸಿ ಈ ವ್ಯವಸ್ಥೆಯನ್ನು ಬ್ಯಾಟರಿಯ ಮೇಲೆ ನಡೆಸಿ ನೋಡಲು ಆದೇಶಿಸಿ. ಮಂಜೇಶ್ವರ ತಾಲೂಕಿನಲ್ಲಾದರೆ ಸೂಚನಾಪತ್ರ ಕನ್ನಡದಲ್ಲೂ ಇರಲಿ.

ವಿಶ್ವಾಸದಿಂದ,
ಕಾಸರಗೋಡಿನ ಹವ್ಯಾಸಿ ರೇಡಿಯೊ ಪರವಾನಗಿದಾರರು