ಮಾಲ್ಡೀವ್ಸಿನ ಮಾಲೆಯಿಂದ ಒಂದು ಮೀನಿನ ಪತ್ರ

ಏ ಮಾರಾಯ, ಹೇಗಿದ್ದಿ?

ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಜುಲೈ ಮುಗಿಯುವವರೆಗೆ ನಿನ್ನ ಬೋಟು ದಕ್ಕೆಯಲ್ಲೇ ಅಲ್ವಾ, ಹಾಗಾಗಿ ಓದ್ಲಿಕ್ಕೆ ಪುರುಸೊತ್ತು ಉಂಟು ಅಂತ ಉದ್ದ ಬರೀತಿದ್ದೇನೆ. ಮೊನ್ನೆ ಫೋನಲ್ಲಿ ಕೇಳಿದ್ದಿ, ಮಾಲ್ಡೀವ್ಸಲ್ಲಿ ಮೀನು ಹೇಗೆ ಅಂತ. ಇಲ್ಲಿ ಮೀನು ಅಂದ್ರೆ ಒಂದೇ ಮಾರಾಯ, ನಮ್ಮ ಕೇದರಿನ ಜಾತಿ, ಟ್ಯೂನಾ. ಇವರ ದಿವೇಹಿ ಭಾಷೆಯಲ್ಲಿ ಮೀನಿಗೆ 'ಮಸ್' ಅಂತಾರೆ, ಹೋಟೆಲಲ್ಲಿ ಮಸ್ ಅಂತ ಕೇಳಿದ್ರೆ ಬರೋದು ಟ್ಯೂನಾನೇ. ಬಂಗುಡೆ ನೆನಪಾಗಿ ಕಣ್ಣಲ್ಲಿ ನೀರು ಬರ್ತದೆ, ಅದು ಬೇರೆ ವಿಷಯ.

ಹೆಚ್ಚು ಸಿಗೋದು ಕಳುಬಿಲಮಸ್, ಅಂದ್ರೆ ಸ್ಕಿಪ್‌ಜಾಕ್ ಟ್ಯೂನಾ, ಹೊಟ್ಟೆ ಮೇಲೆ ಉದ್ದುದ್ದ ಕಪ್ಪು ಗೀಟು. ಆಮೇಲೆ ಕನ್ನೆಲಿ, ಹಳದಿ ರೆಕ್ಕೆಯದ್ದು, ಅದರಲ್ಲಿ ದೊಡ್ಡದು ಐಸಿನಲ್ಲಿ ಕೂತು ವಿಮಾನದಲ್ಲಿ ಯುರೋಪಿಗೆ ಹೋಗ್ತದೆ, ನಾವು ಹೋಗ್ಲಿಲ್ಲ ಇನ್ನೂ.

ಈಗ ಅಸಲು ವಿಷಯ. ನನ್ನ ಜೊತೆ ಕೆಲಸ ಮಾಡುವ ಹುಡುಗನ ಮಾವನದ್ದು ಒಂದು ಧೋನಿ ಉಂಟು, ಇಲ್ಲಿಯ ಮೀನಿನ ಬೋಟಿಗೆ ಹಾಗೆ ಹೇಳೋದು, ಹೋದ ವಾರ ಕರ್ಕೊಂಡು ಹೋದ್ರು. ಬಲೆಯೇ ಇಲ್ಲ! ಅಂದ್ರೆ ಪೂರ್ತಿ ಇಲ್ಲ ಅಂತಲ್ಲ, ಬೆಳಗಾಗುವ ಮೊದಲು ಹವಳದ ದಿಬ್ಬದ ಹತ್ರ ದೀಪ ಬಿಟ್ಟು ಬೆರಳಷ್ಟುದ್ದದ ಮೀನುಗಳನ್ನು ಬಲೆಯಲ್ಲಿ ಎತ್ತಿ ಬೋಟಿನ ಹೊಟ್ಟೆಯಲ್ಲಿರುವ ನೀರಿನ ತೊಟ್ಟಿಗೆ ಜೀವಂತ ಬಿಡ್ತಾರೆ, ಅದು ಎರೆಗೆ. ಆಮೇಲೆ ಹಕ್ಕಿ ಹುಡುಕ್ತಾ ಹೋಗೋದು, ಹಕ್ಕಿ ಗುಂಪು ಕೂಗಾಡ್ತಾ ಮುಳುಗ್ತಿದ್ರೆ ಅಡಿಯಲ್ಲಿ ಟ್ಯೂನಾ ಉಂಟು ಅಂತ ಲೆಕ್ಕ. ಅಲ್ಲಿಗೆ ಮುಟ್ಟಿದ ತಕ್ಷಣ ಒಬ್ಬ ಎರೆ ಎಸೀತಾನೆ, ಪಂಪಿನಿಂದ ನೀರು ಮಳೆ ಹಾಗೆ ಸಮುದ್ರದ ಮೇಲೆ ಬೀಳ್ತದೆ, ಮೀನಿಗೆ ಸಣ್ಣ ಮೀನು ಚಡಪಡಿಸಿದ ಹಾಗೆ ಕಾಣ್ಲಿಕ್ಕೆ. ಹಿಂದುಗಡೆ ಸಾಲಾಗಿ ನಿಂತವರು ಗಾಳ ಕಟ್ಟಿದ ಉದ್ದ ಕೋಲು ಬೀಸಿ ಒಂದೊಂದೇ ಮೀನು ತಲೆ ಮೇಲಿಂದ ಹಾರಿಸ್ತಾರೆ. ನಮ್ಮ ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳು ಇರ್ತದಲ್ಲ, ಇವರದ್ದಕ್ಕೆ ಇಲ್ಲ, ದಾರ ಸಡಿಲಾದ್ರೆ ಸಾಕು ಮೀನು ತಾನೇ ಕಳಚಿ ಬೀಳ್ತದೆ, ಅಷ್ಟರಲ್ಲಿ ಗಾಳ ಮತ್ತೆ ನೀರಲ್ಲಿ. ಬಿದ್ದ ಮೀನು ಹಲಗೆ ಮೇಲೆ ಬಾಲ ಬಡಿಯೋ ಶಬ್ದ ಚೆಂಡೆ ಮೇಳಕ್ಕೇನೂ ಕಮ್ಮಿ ಇಲ್ಲ, ಒಂದು ನನ್ನ ಬೆನ್ನಿಗೇ ಬಂದು ಬಿತ್ತು, ಇನ್ನೂ ನೋವುಂಟು. ಹತ್ತು ನಿಮಿಷ ಅಷ್ಟೇ, ಗುಂಪು ಮಾಯ.

ನಿನಗೆ ನಗು ಬರಬಹುದು, ದೊಡ್ಡ ಬಲೆ ಸುತ್ತುವ ಪರ್ಸಿನ್ ಬೋಟು ಒಂದೇ ಸಲಕ್ಕೆ ಎಳೆಯೋದನ್ನು ನೋಡಿದವನಿಗೆ ಇದೆಂತ ಮಕ್ಕಳಾಟ ಅಂತ. ಆದ್ರೆ 1974ರಲ್ಲಿ ಹಾಯಿ ಧೋನಿಗೆ ಇಂಜಿನ್ ಬಂತು, ಕೋಲು ಹಾಗೇ ಉಳೀತು, 2012ರಲ್ಲಿ ಈ ಸ್ಕಿಪ್‌ಜಾಕಿಗೆ ಎಂಎಸ್‌ಸಿ ಸರ್ಟಿಫಿಕೇಟೂ ಸಿಕ್ತು, ಕಡಲು ಬರಿದಾಗದ ಹಾಗೆ ಹಿಡಿದ ಮೀನು ಅಂತ. ಫ್ರೀಜ್ ಮಾಡಿದ್ದು ಬಹಳಷ್ಟು ಥಾಯ್ಲೆಂಡಿನ ಡಬ್ಬಿ ಫ್ಯಾಕ್ಟರಿಗಳಿಗೆ ಹೋಗ್ತದೆ. 2010ರಲ್ಲಿ ಶಾರ್ಕ್ ಹಿಡಿಯೋದನ್ನೂ ಬಂದ್ ಮಾಡಿದ್ರು. ತಾಪತ್ರಯ ಇಲ್ಲ ಅಂತಲ್ಲ, ಎರೆ ಸಿಗದ ದಿನ ಡೀಸೆಲ್ ಸುಟ್ಟದ್ದೇ ಬಂತು, ಆ ಮಾವ ದಾರಿಯುದ್ದಕ್ಕೂ ಹೇಳಿದ್ದು ಅದನ್ನೇ.

ಫ್ರಿಜ್ಜೇ ಇಲ್ಲದ ಕಾಲದ ಉಪಾಯ ಹಿಕಿಮಸ್, ಬೇಯಿಸಿ ಹೊಗೆ ಕೊಟ್ಟು ಬಿಸಿಲಲ್ಲಿ ಒಣಗಿಸಿದ್ದು, ಕಟ್ಟಿಗೆ ತುಂಡಿನ ಹಾಗೆ ಇರ್ತದೆ. 14ನೇ ಶತಮಾನದಲ್ಲಿ ಇಲ್ಲಿ ಖಾಜಿಯಾಗಿದ್ದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಕೂಡ ಇದು ಇಂಡಿಯಾ, ಚೀನಾ, ಯೆಮನ್‌ಗೆ ಹೋಗ್ತದೆ ಅಂತ ಬರೆದಿದ್ದಾನೆ. ಮಂಗಳೂರು ಹಳೆ ಬಂದರಿಗೆ ಲಕ್ಷದ್ವೀಪದ ಸಾಮಾನು ಸಾಗಿಸುವ ಹಡಗು, ಮಂಜಿ, ಬರ್ತದಲ್ಲ, ಅಲ್ಲಿನ ಮಿನಿಕಾಯ್‌ನವರದ್ದೂ ಇದೇ ಭಾಷೆ, ಇದೇ ಕೋಲು, ಇದೇ ಒಣಗಿಸಿದ ಮಸ್.

ಊರಿಗೆ ಬರುವವನ ಕೈಯಲ್ಲಿ ಎರಡು ತುಂಡು ಕಳಿಸ್ತಿದ್ದೇನೆ. ಕಲ್ಲು ಅಂತ ಬಿಸಾಡ್ಬೇಡ ಮತ್ತೆ, ಚೂರಿಯಲ್ಲಿ ತೆಳ್ಳಗೆ ಹೆರೆದು ಹಸಿ ತೆಂಗಿನ ತುರಿ, ಈರುಳ್ಳಿ, ಹಸಿಮೆಣಸು, ಲಿಂಬೆ ಹಾಕಿ ಕೈಯಲ್ಲೇ ಕಲಸು, ನಮ್ಮ ಒಣ ಎಟ್ಟಿ (ಸಿಗಡಿ) ಚಟ್ನಿಯ ದೂರದ ನೆಂಟ. ಅಮ್ಮನಿಗೂ ಸ್ವಲ್ಪ ಕೊಡು, ಹೇಗಿತ್ತು ಅಂತ ಆಗಸ್ಟಲ್ಲಿ ನೀನು ಕಡಲಿಗಿಳಿಯುವ ಮೊದಲು ಫೋನ್ ಮಾಡು.

ಇಂತಿ ನಿನ್ನ,
ಮಾಲೆಯ ಗೆಳೆಯ