ದೋಣಿಯ ನೆಲಕ್ಕೆ ಪಾಲಿಶ್ ಬೇಡ

ಮಾನ್ಯ ಸಂಪಾದಕರೆ,

ಮುಂಗಾರು ಹತ್ತಿರ ಬಂತೆಂದರೆ ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳಲ್ಲಿ ಶೆಡ್ಡಿನೊಳಗಿನ ಪ್ರವಾಹ ರಕ್ಷಣಾ ದೋಣಿಗಳು ಹೊರಗೆ ಬರುತ್ತವೆ. ಎಂಜಿನ್ ಚಾಲೂ ಮಾಡಿ ನೋಡುತ್ತಾರೆ, ಲೈಫ್ ಜಾಕೆಟ್ ಎಣಿಸುತ್ತಾರೆ, ಹಗ್ಗ ಜಗ್ಗಿ ನೋಡುತ್ತಾರೆ. ನೆಲದ ಮೇಲೆ ಒಂದು ಕೊಡ ನೀರು ಸುರಿದು ನಡೆದು ನೋಡುವವರು ಅಪರೂಪ. ಅದರ ಬದಲು, ಸಾಹೇಬರು ತಪಾಸಣೆಗೆ ಬರುತ್ತಾರೆಂದು ಅದೇ ನೆಲಕ್ಕೆ ಹೊಳಪಿನ ಎನಾಮಲ್ ಬಳಿಯುತ್ತಾರೆ. ಇಲ್ಲವೇ ಕಾರಿನ ವ್ಯಾಕ್ಸ್ ತಿಕ್ಕುತ್ತಾರೆ, ಅದೂ ಸಿಗದಿದ್ದರೆ ಡೀಸೆಲ್ ಅದ್ದಿದ ಅರಿವೆಯಿಂದ ಒರೆಸಿಬಿಡುತ್ತಾರೆ. ಫೋಟೊದಲ್ಲಿ ದೋಣಿ ಚೆಂದ ಕಾಣುತ್ತದೆ. ಆದರೆ ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ನೀರು ಬಿಟ್ಟ ದಿನ, ಕಾಲಿಗೆ ರಾಡಿ ಮೆತ್ತಿಕೊಂಡ ಅಜ್ಜಿಯೊಬ್ಬಳು ಮೊಮ್ಮಗನನ್ನು ಎತ್ತಿಕೊಂಡು ಆ ನೆಲದ ಮೇಲೆ ಹೆಜ್ಜೆ ಇಡಬೇಕು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಫೈಬರ್ ದೋಣಿಯ ನೆಲ ತರಿತರಿಯಾಗಿರುವುದು ಅಂದಕ್ಕಲ್ಲ. ಅಚ್ಚಿನಲ್ಲೇ ಮೂಡಿಸಿದ ಸಣ್ಣ ಡೈಮಂಡ್ ಉಬ್ಬುಗಳಿರಲಿ, ಬಣ್ಣದೊಳಗೆ ಕೂರಿಸಿದ ಉಸುಕಿರಲಿ, ಕೆಲಸ ಒಂದೇ: ಉಬ್ಬು ಅಂಗಾಲನ್ನು ಕಚ್ಚಿ ಹಿಡಿಯಬೇಕು, ನಡುವಿನ ಸಂದಿಯಿಂದ ನೀರು ಹರಿದು ಹೋಗಬೇಕು. ವ್ಯಾಕ್ಸ್ ಸಂದಿಯನ್ನು ತುಂಬುತ್ತದೆ, ಎನಾಮಲ್ ಎರಡು ಮೂರು ಕೋಟಿನಲ್ಲಿ ಉಬ್ಬಿನ ಮೊನೆಯನ್ನು ದುಂಡಗೆ ಮಾಡುತ್ತದೆ. ಡೀಸೆಲ್ ಒಣಗಿದಂತೆ ಕಂಡರೂ ಎಣ್ಣೆಯ ತೆಳು ಪದರ ಉಳಿದೇ ಇರುತ್ತದೆ, ಮೇಲೆ ನೀರು ಬಿದ್ದಾಗ ಅದು ಗೊತ್ತಾಗುತ್ತದೆ.

ನಮ್ಮ ಭಾಗದಲ್ಲಿ ಮೊದಲ ಶತ್ರು ಎರೆ ಮಣ್ಣು. ನೀರು ಕುಡಿದರೆ ಉಬ್ಬುವುದು, ಒಣಗಿದರೆ ಕುಗ್ಗಿ ಬಿರಿಯುವುದು ಅದರ ಗುಣ. ಪ್ರವಾಹದ ಕೆಲಸ ಮುಗಿಸಿ ಬಂದ ದೋಣಿಯನ್ನು ತೊಳೆಯದೆ ನಾಲ್ಕು ದಿನ ಬಿಸಿಲಿಗೆ ಬಿಟ್ಟರೆ ಪ್ರತಿ ಸಂದಿಯಲ್ಲೂ ಕರಿ ಹಲ್ಲೆ ಕಚ್ಚಿಕೊಂಡು ಕೂತಿರುತ್ತದೆ. ಅದನ್ನು ಒಣಗಿದ್ದಾಗಲೇ ಬ್ರಷ್ ಹಾಕಿ ಉಜ್ಜಿದರೆ ಮಣ್ಣಿನೊಳಗಿನ ಸಣ್ಣ ಉಸುಕು ಮರಳು ಕಾಗದದ ಹಾಗೆ ಫೈಬರಿನ ಮೇಲ್ಪದರವಾದ ಜೆಲ್‌ಕೋಟನ್ನು ಕೆರೆಯುತ್ತದೆ. ಆ ಪದರ ಇರುವುದೇ ಸುಮಾರು ಅರ್ಧ ಮಿಲಿಮೀಟರ್. ಬ್ರಷ್ ಮುಟ್ಟುವ ಮೊದಲು ನೆಲದ ಮೇಲೆ ಹಳೆಯ ಗೋಣಿತಟ್ಟು ಹಾಸಿ, ಚೆನ್ನಾಗಿ ನೀರು ಹನಿಸಿ 20 ನಿಮಿಷ ಬಿಡಿ. ಎರೆ ತಾನಾಗಿಯೇ ಉಬ್ಬಿ, ಸಂದಿಯಿಂದ ಎದ್ದು, ಬೆಣ್ಣೆಯಂತಾಗಿರುತ್ತದೆ. ಆಗ ನೀರು ಬಿಟ್ಟರೆ ಮುಕ್ಕಾಲು ಪಾಲು ತಾನೇ ಹರಿದು ಹೋಗುತ್ತದೆ.

ಆಮೇಲೆ ಸೋಪಿನ ಕೆಲಸ. 10 ಲೀಟರ್ ಬಕೆಟ್ಟಿಗೆ ಪಾತ್ರೆ ತೊಳೆಯುವ ದ್ರವ 30ರಿಂದ 40 ಮಿಲಿ ಸಾಕು. ಬಟ್ಟೆಯ ಸಾಬೂನು ಬೇಡ. ಶಹಾಬಾದ್ ಕಲ್ಲಿನ ಈ ಸೀಮೆಯಲ್ಲಿ ನೆಲದೊಳಗೆಲ್ಲ ಸುಣ್ಣದ ಕಲ್ಲು, ಬೋರ್‌ವೆಲ್ ನೀರು ಗಡಸು. ಸಾಬೂನು ಆ ನೀರಿನ ಕ್ಯಾಲ್ಸಿಯಮ್ ಜೊತೆ ಸೇರಿ ನೊರೆ ಕೊಡುವ ಬದಲು ಬೂದು ಬಣ್ಣದ ಜಿಗುಟು ಗಸಿಯಾಗುತ್ತದೆ. ಬಚ್ಚಲ ಮನೆಯ ಬಕೆಟ್ಟಿನ ಒಳಗೆ ಕೈಯಾಡಿಸಿದರೆ ಸಿಗುತ್ತದಲ್ಲ, ಅದೇ. ಸಂದಿಯಲ್ಲಿ ಕೂತರೆ ವ್ಯಾಕ್ಸಿನಷ್ಟೇ ಜಾರುತ್ತದೆ. ದ್ರವ ಡಿಟರ್ಜೆಂಟಿಗೆ ಈ ತೊಂದರೆ ಇಲ್ಲ.

ಬ್ರಷ್ ನೈಲಾನಿನದಿರಲಿ, ಬಟ್ಟೆ ಒಗೆಯುವ ಬ್ರಷ್ಷಿನಷ್ಟು ಬಿರುಸು ಸಾಕು. ತಂತಿಯ ಬ್ರಷ್, ಸ್ಟೀಲಿನ ಜುಂಗು ಎರಡೂ ಬೇಡ. ಅವುಗಳ ಮುರಿದ ಚೂರು ಉಬ್ಬುಗಳ ನಡುವೆ ಸಿಕ್ಕಿಕೊಂಡು, ವಾರದಲ್ಲಿ ಒಂದೊಂದೂ ಒಂದೊಂದು ತುಕ್ಕಿನ ಚುಕ್ಕಿಯಾಗುತ್ತದೆ. ಡೈಮಂಡ್ ಉಬ್ಬಿನ ಗೆರೆಗಳು ಓರೆಯಾಗಿ ಓಡುತ್ತವೆ, ಆದ್ದರಿಂದ ಬ್ರಷ್ಷೂ ಎರಡು ಓರೆ ದಿಕ್ಕಿನಲ್ಲಿ ಓಡಬೇಕು. ನೇರಕ್ಕೆ ಉಜ್ಜಿದರೆ ಮೊನೆಗಳು ಬೆಳ್ಳಗಾಗುತ್ತವೆ, ಸಂದಿಯ ಕೊಳೆ ಇದ್ದಲ್ಲೇ ಇರುತ್ತದೆ. ಒಂದು ಸಲಕ್ಕೆ ಮೂರಡಿ ಉದ್ದ, ಮೂರಡಿ ಅಗಲ ಮಾತ್ರ. ಕಲಬುರಗಿಯ ಮೇ ಬಿಸಿಲಿನಲ್ಲಿ ಅದಕ್ಕಿಂತ ಹೆಚ್ಚು ಹಚ್ಚಿದರೆ ತೊಳೆಯುವಷ್ಟರಲ್ಲಿ ಸೋಪು ಒಣಗಿ ಕಚ್ಚಿಬಿಡುತ್ತದೆ. ಬೆಳಗ್ಗೆ ಎಂಟರೊಳಗೆ ಮುಗಿಸುವುದೇ ವಾಸಿ. ಕಾರು ತೊಳೆಯುವ ಪ್ರೆಶರ್ ಪಂಪು ಬಳಸುವವರು ಅಗಲಕ್ಕೆ ಚಿಮ್ಮುವ ನಾಜಲ್ ಹಾಕಿ ಒಂದಡಿ ದೂರ ಹಿಡಿಯಲಿ. ಸೂಜಿಧಾರೆಯ ನಾಜಲ್ ಜೆಲ್‌ಕೋಟನ್ನು ಕೊರೆದು ಗೀಟು ಹಾಕುತ್ತದೆ.

ಉಳಿದ ಕಲೆಗಳಿಗೆ ಒಂದೊಂದಕ್ಕೆ ಒಂದೊಂದು ಮದ್ದು. ಬೋರ್ ನೀರಿನ ಬಿಳಿ ಕಲೆಗೆ ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ ಹತ್ತು ನಿಮಿಷ ಬಿಡಿ. ಸ್ಕ್ರೂ, ಹಗ್ಗ ಕಟ್ಟುವ ಕ್ಲೀಟ್‌ಗಳ ಬುಡದಿಂದ ಇಳಿದ ತುಕ್ಕಿನ ಗೆರೆ ಸೋಪಿಗೆ ಬಗ್ಗುವುದಿಲ್ಲ. ಅದಕ್ಕೆ ಆಕ್ಸಾಲಿಕ್ ಆಸಿಡ್ ಹರಳು, ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ. ಅದು ತುಕ್ಕಿನ ಕಬ್ಬಿಣವನ್ನು ನೀರಿನಲ್ಲಿ ಕರಗುವಂತೆ ಮಾಡುತ್ತದೆ, ಉಜ್ಜುವ ಅಗತ್ಯವೇ ಬೀಳುವುದಿಲ್ಲ. ಹಚ್ಚಿ 10ರಿಂದ 15 ನಿಮಿಷ, ಒಣಗಲು ಬಿಡದೆ ತೊಳೆದು, ಲೀಟರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿದ ನೀರನ್ನು ಮೇಲೆ ಸುರಿಯಿರಿ. ಆಕ್ಸಾಲಿಕ್ ಆಸಿಡ್ ವಿಷ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು. ಬ್ಲೀಚಿಂಗ್ ಪೌಡರ್ ಜೊತೆಗಂತೂ ಯಾವ ಆಸಿಡ್ಡನ್ನೂ ಕೂಡಿಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಹಾಗೆ ನೋಡಿದರೆ ಬ್ಲೀಚಿಂಗ್ ಪೌಡರ್ ದೋಣಿಗೆ ಬೇಡವೇ ಬೇಡ: ಅಲ್ಯುಮಿನಿಯಮ್ ಕ್ಲೀಟನ್ನು ತಿನ್ನುತ್ತದೆ, ಪಕ್ಕದಲ್ಲಿ ಬಿದ್ದ ಲೈಫ್ ಜಾಕೆಟ್ಟಿನ ಹೊಲಿಗೆಯನ್ನು ಜೀರ್ಣ ಮಾಡುತ್ತದೆ.

ದೇವಲ ಗಾಣಗಾಪುರದ ಸಂಗಮದಂಥ ಕಡೆ ಓಡಾಡುವ ದೋಣಿಗಳಿಗೆ ಅರಿಷಿಣದ ಕಲೆ ತಪ್ಪಿದ್ದಲ್ಲ. ಅರಿಷಿಣ ಹತ್ತಿದ ಅಂಗಿಗೆ ಸಾಬೂನು ಹಚ್ಚಿದರೆ ಕೆಂಪೇರುವಂತೆ ದೋಣಿಯ ನೆಲವೂ ಕೆಂಪಾಗುತ್ತದೆ. ಕ್ಷಾರ ತಗುಲಿದರೆ ಅರಿಷಿಣದ ಬಣ್ಣ ತಿರುಗುವುದು ಸಹಜ, ಗಾಬರಿಯಾಗಿ ಥಿನ್ನರ್ ಸುರಿಯಬೇಡಿ. ಎಣ್ಣೆಯ ಜಿಡ್ಡನ್ನಷ್ಟೇ ತೆಗೆದು ಬಿಸಿಲಿಗಿಡಿ, ಅರಿಷಿಣವನ್ನು ಸೂರ್ಯನೇ ಅಳಿಸುತ್ತಾನೆ. ಗುಟ್ಕಾ ಕಲೆಯನ್ನು ಸೂರ್ಯನೂ ಅಳಿಸುವುದಿಲ್ಲ.

ಈ ತೊಳೆತವೆಲ್ಲ ದಡದ ಮೇಲೆ, ನೀರಿನಿಂದ ದೂರ ಆಗಲಿ. ಕಾರಂಜಾ ಜಲಾಶಯದ ನೀರನ್ನು ಬೀದರ್ ನಗರ ಕುಡಿಯುತ್ತದೆ.

ಇನ್ನು ಈಗಾಗಲೇ ವ್ಯಾಕ್ಸ್ ತಿಂದ ನೆಲದ ಮಾತು. ವ್ಯಾಕ್ಸ್ ಇದೆಯೋ ಇಲ್ಲವೋ ಎಂದು ಕಣ್ಣಿಗೆ ಕಾಣುವುದಿಲ್ಲ, ನೀರು ಹೇಳುತ್ತದೆ. ಚಿಮುಕಿಸಿದ ನೀರು ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ನಿಂತರೆ ವ್ಯಾಕ್ಸ್ ಇನ್ನೂ ಇದೆ. ತೆಳ್ಳಗೆ ಹಾಳೆಯಂತೆ ಹರಡಿದರೆ ಹೋಗಿದೆ. ತೆಗೆಯಲು ಡೀವ್ಯಾಕ್ಸಿಂಗ್ ಸಾಲ್ವೆಂಟ್, ಬಿಳಿ ಹತ್ತಿ ಬಟ್ಟೆ. ಒಂದು ಬಟ್ಟೆಯಿಂದ ಹಚ್ಚಿ, ಒಣಗುವ ಮೊದಲೇ ಇನ್ನೊಂದರಿಂದ ಒರೆಸಬೇಕು, ಬಟ್ಟೆಯನ್ನು ಪದೇ ಪದೇ ಬದಲಿಸಬೇಕು. ಒಂದೇ ಬಟ್ಟೆಯಲ್ಲಿ ಮುಗಿಸಿದರೆ ವ್ಯಾಕ್ಸನ್ನು ಇಲ್ಲಿಂದ ಅಲ್ಲಿಗೆ ಸಾಗಿಸಿದಂತೆ, ಅಷ್ಟೇ.

ಉಬ್ಬು ಪೂರ್ತಿ ಸವೆದಿದ್ದರೆ ಬಣ್ಣ ಬಳಿಯಲೇಬೇಕು. ಕೆಲಸ ಕೆಡುವುದು ಬಹುತೇಕ ಇಲ್ಲಿಯೇ. ಮೊದಲು ವ್ಯಾಕ್ಸ್ ತೆಗೆದು ಆಮೇಲೆ 80ರಿಂದ 120 ನಂಬರಿನ ಮರಳು ಕಾಗದ ಹಚ್ಚಬೇಕು. ಕ್ರಮ ತಿರುಗಿದರೆ ವ್ಯಾಕ್ಸ್ ಗೀರುಗಳೊಳಗೆ ಇಳಿದು ಕೂರುತ್ತದೆ, ಬಣ್ಣ ಮುಂದಿನ ಬೇಸಿಗೆಗೆ ಹಪ್ಪಳದಂತೆ ಏಳುತ್ತದೆ. ಕ್ಲೀಟ್, ಮುಚ್ಚಳ, ನೀರು ಹೋಗುವ ತೂತುಗಳ ಸುತ್ತ ಒಂದೂವರೆ ಇಂಚು ನುಣುಪಾಗಿ ಬಿಟ್ಟು ಟೇಪ್ ಅಂಟಿಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆಯಿಂದಲೇ ಬಣ್ಣ ಕೀಳಲು ಶುರುವಾಗುವುದು. ಎಪಾಕ್ಸಿ ಪ್ರೈಮರ್ ಆದ ಮೇಲೆ ಬಣ್ಣದ ಮೊದಲ ಕೋಟು. ಅದು ಹಸಿಯಿದ್ದಾಗಲೇ ತೊಳೆದು ಒಣಗಿಸಿ ಜರಡಿ ಹಿಡಿದ ಸಿಲಿಕಾ ಉಸುಕನ್ನು ಒಂದಡಿ ಮೇಲಿನಿಂದ, ಬಣ್ಣ ಕಾಣದಷ್ಟು ಉದುರಿಸಿ. ಕೈ ಬಿಗಿ ಹಿಡಿದು ಅಲ್ಲಲ್ಲಿ ಉದುರಿಸಿದರೆ ಒಂದು ಕಡೆ ಹಿಡಿತ, ಇನ್ನೊಂದು ಕಡೆ ಜಾರು. ಹೊಳೆಯ ಉಸುಕನ್ನು ಹಾಗೇ ತಂದು ಹಾಕಬಾರದು, ಅದರೊಳಗಿನ ಮಣ್ಣು ಬಣ್ಣವನ್ನು ಹಿಡಿಯಗೊಡುವುದಿಲ್ಲ. ರಾತ್ರಿ ಒಣಗಲು ಬಿಟ್ಟು, ಬೆಳಗ್ಗೆ ಅಂಟದ ಉಸುಕನ್ನು ಗುಡಿಸಿ, ಮೇಲೆ ಒಂದು ಅಥವಾ ಎರಡು ತೆಳು ಕೋಟು. ಮೂರನೆಯದು ಹೊಡೆದರೆ ಉಸುಕು ಹೂತುಹೋಗುತ್ತದೆ.

ಹಳೆಯ ಎನಾಮಲ್ ಮೇಲೆ ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಹಾಕಿದರೆ ಕೆಳಗಿನದು ಸುಕ್ಕುಗಟ್ಟಿ ಏಳುತ್ತದೆ, ಎನಾಮಲ್ಲನ್ನು ಪೂರ್ತಿ ತೆಗೆಯಲೇಬೇಕು. ಪಾಲಿಯುರೆಥೇನ್ ಬಣ್ಣವನ್ನು ಮುಖಕ್ಕೆ ಬರೀ ಬಟ್ಟೆ ಕಟ್ಟಿಕೊಂಡು ಸ್ಪ್ರೇ ಮಾಡುವುದು ಪುಪ್ಪುಸಕ್ಕೆ ಅಪಾಯ. ರೋಲರಿನಿಂದ, ಗಾಳಿಯಾಡುವ ಕಡೆ, ರಾಸಾಯನಿಕ ಮಾಸ್ಕ್ ಹಾಕಿಕೊಂಡೇ ಮಾಡಬೇಕು. ಬಣ್ಣ ತಿಳಿ ಬೂದಿಯದಿರಲಿ. ಅಚ್ಚ ಬಿಳಿ ಕಣ್ಣು ಕುಕ್ಕುತ್ತದೆ, ಗಾಢ ನೀಲಿಯ ಮೇಲೆ ಏಪ್ರಿಲ್ ಮಧ್ಯಾಹ್ನ ಬರಿಗಾಲಿಡಲು ಆಗುವುದಿಲ್ಲ.

ಕಾಪಾಡುವ ವಿಚಾರಕ್ಕೆ ಬಂದರೆ, ತರಿ ನೆಲಕ್ಕೆಂದೇ ಮಾಡಿದ ಪಾಲಿಮರ್ ಸೀಲರ್‌ಗಳಿವೆ, ಸಿಕ್ಕರೆ ಹಚ್ಚಬಹುದು. ಸಿಗದಿದ್ದರೆ ಅದರ ಜಾಗದಲ್ಲಿ ಕಾರ್ ಪಾಲಿಶ್ ಹಚ್ಚದೆ ಹಾಗೇ ಬಿಡುವುದು ಮೇಲು. ನೆರಳೇ ದೊಡ್ಡ ರಕ್ಷಣೆ. ನೀಲಿ ಪ್ಲಾಸ್ಟಿಕ್ ತಾಡಪತ್ರಿಯನ್ನು ನೆಲಕ್ಕೆ ಅಂಟಿದಂತೆ ಹೊದಿಸಿದರೆ ಒಳಗೆ ಬೆವತು ಕರಿ ಬೂಷ್ಟು ಹಿಡಿಯುತ್ತದೆ. ನಡುವೆ ಬಿದಿರಿನ ಗಳ ಕೊಟ್ಟು, ಗುಡಿಸಲಿನ ಚಾವಣಿಯಂತೆ ಎರಡೂ ಕಡೆ ಇಳಿಬಿಟ್ಟು, ಗಾಳಿಯಾಡಲು ಜಾಗ ಬಿಡಬೇಕು. ಮೂತಿ ಎತ್ತರಿಸಿ ನಿಲ್ಲಿಸಿದರೆ ನೀರು ಹಿಂದಿನ ತೂತುಗಳಿಂದ ಹೋಗುತ್ತದೆ, ಆ ತೂತುಗಳು ತೆರೆದಿದ್ದರೆ. ಶೆಡ್ಡಿನಲ್ಲಿ ನಿಂತ ದೋಣಿಯ ತೂತು ಎಂದರೆ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಬಲು ಇಷ್ಟ. ತಿಂಗಳಿಗೊಮ್ಮೆ ಒಂದು ಕಡ್ಡಿ ಆಡಿಸಬೇಕು.

ಜಿಲ್ಲಾಡಳಿತಗಳಿಗೆ ನಮ್ಮ ಕೋರಿಕೆ ಎರಡು. ದುರಸ್ತಿಯ ಕಾರ್ಯಾದೇಶದಲ್ಲಿ ಬರೀ ‘ದೋಣಿಗೆ ಬಣ್ಣ’ ಎಂದು ಬರೆದರೆ ಗುತ್ತಿಗೆದಾರ ಒಂದೇ ಡಬ್ಬಿಯನ್ನು ಒಳಗೂ ಹೊರಗೂ ಬಳಿಯುತ್ತಾನೆ, ಅದರಲ್ಲಿ ಅವನ ತಪ್ಪೂ ಇಲ್ಲ. ನೆಲಕ್ಕೆ ಬೇರೆ ಬಾಬತ್ತು, ಉಸುಕು ಉದುರಿಸಿದ ಬಣ್ಣ ಎಂದು ಸ್ಪಷ್ಟವಾಗಿ ಬರೆಯಿರಿ. ಎರಡನೆಯದು, ಕೆಲಸ ಒಪ್ಪಿಕೊಳ್ಳುವ ಮುನ್ನ ಒದ್ದೆ ಪರೀಕ್ಷೆ. ಹಳೆಯ ರಬ್ಬರ್ ಚಪ್ಪಲಿಯ ಮೇಲೆ ಉಸುಕಿನ ಚೀಲ ಕಟ್ಟಿ ಒಟ್ಟು ತೂಕ 10 ಕೆಜಿ ಮಾಡಿ. ನೆಲಕ್ಕೆ ನೀರು ಸುರಿದು, ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಅಡ್ಡಕ್ಕೆ ನಿಧಾನವಾಗಿ ಎಳೆಯಿರಿ. ಚಪ್ಪಲಿ ಕದಲುವ ಗಳಿಗೆಯಲ್ಲಿ ಮುಳ್ಳು 5 ಕೆಜಿ ದಾಟಿರಬೇಕು, ದಾಟದಿದ್ದರೆ ಆ ನೆಲ ಜಾರುತ್ತದೆ. ಜನ ಹತ್ತುವ ಅಂಚು, ಎಂಜಿನ್ ಪಕ್ಕ, ಮೂತಿ, ನಡುಭಾಗ ಹೀಗೆ ನಾಲ್ಕು ಕಡೆ ಎಳೆದು ನೋಡಿ. ಆಮೇಲೆ ಒಂದು ಹಿಡಿ ಎರೆ ಮಣ್ಣನ್ನು ನೀರಿನಲ್ಲಿ ಕದಡಿ ಸುರಿದು ಹತ್ತುವ ಅಂಚಿನಲ್ಲಿ ಇನ್ನೊಮ್ಮೆ ಎಳೆಯಿರಿ. ಕಕ್ಕೇರಾ ಕಡೆಯ ಗಡ್ಡಿಗಳಿಂದ (ಹೊಳೆಯ ನಡುಗಡ್ಡೆಗಳಿಂದ) ಜನರನ್ನು ಕರೆತರುವ ದಿನ ನೆಲದ ಮೇಲೆ ಇರುವುದು ಆ ರಾಡಿಯೇ. ಸ್ಪ್ರಿಂಗ್ ತಕ್ಕಡಿ ಯಾವ ಊರಿನ ಸಂತೆಯಲ್ಲೂ ಸಿಗುತ್ತದೆ.

– ಫೈಬರ್ ದೋಣಿ ದುರಸ್ತಿ ಕೆಲಸದವರು, ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ